ಚುಕ್ಕೆಯ ಹಿಂದಿನ ಗಾಜು

ಕೋವಿಯ ಗುರಿ ಹಿಡಿಯಲು ಪುಟ್ಟದೊಂದು ರೆಡ್ ಡಾಟ್ ಸೈಟ್ ಕೊಳ್ಳಬೇಕು, ಯಾವುದು ಆದೀತು ಎಂದು ಕೇಳಿದವರಿಗೆ ಈಗ ಸಿಗುವ ಉತ್ತರ ಮೂರು ಅಂಕಿಗಳಲ್ಲಿ ಮುಗಿದುಹೋಗುತ್ತದೆ. ಬ್ಯಾಟರಿ ಎಷ್ಟು ಗಂಟೆ ಬಾಳುತ್ತದೆ, ಚುಕ್ಕೆಯ ಗಾತ್ರ ಕೋನದ ಅಳತೆಯಲ್ಲಿ ಎಷ್ಟು ಎಂಒಎ, ತೂಕ ಎಷ್ಟು ಗ್ರಾಂ. ಇದಕ್ಕೆ ಹೊಂದುವ ಇತಿಹಾಸವೂ ಒಂದು ಚಾಲ್ತಿಯಲ್ಲಿದೆ: ಮೊದಲು ದಪ್ಪ ಕೊಳವೆಗಳಿದ್ದವು, ಆಮೇಲೆ ಪಿಸ್ತೂಲಿನ ಮೇಲೆ ಕೂರುವಷ್ಟು ಸಣ್ಣವಾದವು, ಸಣ್ಣವಾದಷ್ಟೂ ಸುಧಾರಿಸಿದವು. ಮೊಬೈಲ್ ಫೋನಿನ ಕತೆಯನ್ನೇ ಎತ್ತಿ ಕೋವಿಗೆ ಅಂಟಿಸಿದ ಹಾಗಿದೆ. ಮಸೂರ, ಕನ್ನಡಿ, ಕಾಲಿಮೇಟರ್‌ಗಳ ನಡುವೆ ಕೆಲಸದ ಆಯುಷ್ಯ ಕಳೆದವರಿಗೆ ಇದನ್ನು ಓದಿದರೆ ರೇಗುತ್ತದೆ. ಈ ಕ್ಷೇತ್ರದಲ್ಲಿ ನಡೆದ ದೊಡ್ಡ ಕೆಲಸವೆಲ್ಲ ಗಾಜಿನದು.

ಈ ಸೈಟಿನ ಹುಟ್ಟು 1900ರಲ್ಲಿ, ಡಬ್ಲಿನ್ನಿನಲ್ಲಿ. ಹೊವಾರ್ಡ್ ಗ್ರಬ್ ದೂರದರ್ಶಕ ಕಟ್ಟುವವನು. ಮೊದಲು ಪುಣೆಯ ಮಹಾರಾಜಾ ತಖ್ತಸಿಂಗ್‌ಜಿ ವೀಕ್ಷಣಾಲಯದಲ್ಲಿದ್ದು ಆಮೇಲೆ ಕೊಡೈಕನಾಲ್ ಸೇರಿದ 20 ಅಂಗುಲದ ಭಾವನಗರ ದೂರದರ್ಶಕ ಅವನ ಕಾರ್ಖಾನೆಯದೇ. ಅವನು ಪೇಟೆಂಟ್ ಪಡೆದ ಉಪಾಯ ಸರಳ. ಮಸೂರದ ಸಂಗಮಬಿಂದುವಿನಲ್ಲಿ ಗುರುತೊಂದನ್ನು ಇಟ್ಟರೆ ಅದರಿಂದ ಹೊರಟ ಕಿರಣಗಳು ಸಮಾಂತರವಾಗಿ ಹೊರಬರುತ್ತವೆ. ಓರೆಯಾಗಿ ನಿಲ್ಲಿಸಿದ ಗಾಜಿನಿಂದ ಅವನ್ನು ಕಣ್ಣಿಗೆ ತಿರುಗಿಸಿದರೆ ಗುರುತು ದೂರದ ಗುರಿಯ ಮೇಲೇ ತೇಲುತ್ತದೆ. ಸಾದಾ ಕೋವಿಯಲ್ಲಿ ಹಿಂದಿನ ಸೈಟು, ಮುಂದಿನ ಸೈಟು, ಗುರಿ ಮೂರೂ ಬೇರೆ ಬೇರೆ ದೂರದಲ್ಲಿರುತ್ತವೆ, ಕಣ್ಣಿಗೆ ಒಂದು ಸಲಕ್ಕೆ ಒಂದೇ ಸ್ಪಷ್ಟ. ಗ್ರಬ್ ಮೂರನ್ನೂ ಒಂದೇ ದೂರಕ್ಕೆ ತಂದ. ಉಳಿದದ್ದು ಬೆಳಕಿನ ಸಮಸ್ಯೆ. 1918ರಲ್ಲಿ ಬರ್ಲಿನ್ನಿನ ಓಯ್ಗೀ ಕಂಪನಿಯ ಸೈಟುಗಳು ಜರ್ಮನ್ ಯುದ್ಧವಿಮಾನಗಳಿಗೆ ಏರಿದವು; ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನರ ರೆವಿ, ಸ್ಪಿಟ್‌ಫೈರ್‌ನಲ್ಲಿ ಕೂತ ಬಾರ್ ಆ್ಯಂಡ್ ಸ್ಟ್ರೌಡ್ ಸೈಟು ಎಲ್ಲವೂ ಗ್ರಬ್‌ನ ಮಕ್ಕಳೇ. ವಿಮಾನದಲ್ಲಿ ಬಲ್ಬು ಉರಿಸಲು ವಿದ್ಯುತ್ ಇತ್ತು. ಹೆಗಲಿಗೇರುವ ಕೋವಿಯಲ್ಲಿ ಇರಲಿಲ್ಲ.

ಬಲ್ಬಿಲ್ಲದೆ ನಡೆದ ಎರಡು ಪ್ರಯತ್ನಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಬಂದ ನೈಡಾರ್ ಎಂಬ ಶಾಟ್‌ಗನ್ ಸೈಟು ಆಕಾಶದ ಬೆಳಕನ್ನೇ ನಂಬಿತ್ತು. ಮುಸ್ಸಂಜೆಗೆ ಅದರ ಕತೆ ಮುಗಿಯಿತು. ಬ್ರಿಟನ್ನಿನ ಸಿಂಗಲ್‌ಪಾಯಿಂಟ್ ಇನ್ನೂ ವಿಚಿತ್ರ, ಅದರ ಮೂಲಕ ಆಚೆಗೆ ಏನೂ ಕಾಣುವುದಿಲ್ಲ. ಒಂದು ಕಣ್ಣಿಗೆ ಕೆಂಪು ಚುಕ್ಕೆ, ಇನ್ನೊಂದಕ್ಕೆ ಗುರಿ, ಎರಡನ್ನೂ ಕೂಡಿಸುವುದು ಮಿದುಳಿನ ಪಾಲು. 1970ರ ನವೆಂಬರಿನಲ್ಲಿ ಉತ್ತರ ವಿಯೆಟ್ನಾಮಿನ ಸೋನ್ ತೇ ಸೆರೆಶಿಬಿರದ ಮೇಲೆ ದಾಳಿ ಮಾಡಿದ ಅಮೆರಿಕನ್ ತುಕಡಿ ಇದನ್ನೇ ರೈಫಲಿಗೆ ಕಟ್ಟಿಕೊಂಡು ಹೋಗಿತ್ತು, ಕತ್ತಲಲ್ಲಿ ಸಾದಾ ಸೈಟು ಕೈಕೊಡುತ್ತಿದ್ದುದರಿಂದ. ಆದರೆ ನಮ್ಮಲ್ಲಿ ಬಹಳ ಜನರ ಎರಡು ಕಣ್ಣುಗಳು ವಿಶ್ರಾಂತಿಯಲ್ಲಿ ಒಂದೇ ಕಡೆ ನೋಡುವುದಿಲ್ಲ. ಒಂದಕ್ಕೆ ಗುರಿ ಮರೆಯಾದರೆ ಅದು ತನ್ನಿಷ್ಟಕ್ಕೆ ಕೊಂಚ ಹೊರಳುತ್ತದೆ, ಚುಕ್ಕೆಯೂ ಹೊರಳುತ್ತದೆ.

1962ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಬೆಳಗಿಸಿದ್ದರಿಂದ ಬಲ್ಬಿನ ಗೋಳು ತಪ್ಪಿತು. ಅದನ್ನು ಕೋವಿಗೆ ತಂದದ್ದು ಸ್ವೀಡನ್. ಮಾಲ್ಮೋ ನಗರದಲ್ಲಿ 1974ರಲ್ಲಿ ಶುರುವಾದ ಏಮ್‌ಪಾಯಿಂಟ್ ಮರುವರ್ಷ ತನ್ನ ಮೊದಲ ಎಲೆಕ್ಟ್ರಾನಿಕ್ ಸೈಟನ್ನು ಮಾರುಕಟ್ಟೆಗೆ ಬಿಟ್ಟಿತು. ಕಂಪನಿಯ ಹೆಸರು ಎಲ್ಲರಿಗೂ ಗೊತ್ತು, ಜಾನ್ ಆರ್ನೆ ಇಂಗೆಮುಂಡ್ ಎಕ್‌ಸ್ಟ್ರಾಂಡ್ ಎಂಬ ಸಂಶೋಧಕನ ಹೆಸರು ಗೊತ್ತಿದ್ದವರು ಕಡಿಮೆ. ಅವನು ಮಾಡಿದ್ದು ಎಲ್‌ಇಡಿ ಕೂರಿಸುವ ಕೆಲಸ ಮಾತ್ರ ಎಂದುಕೊಂಡವರೇ ಹೆಚ್ಚು. ಕಷ್ಟ ಇದ್ದದ್ದು ಬೇರೆ ಕಡೆ. ಎಲ್‌ಇಡಿಯನ್ನು ನೋಟದ ನಡುವೆ ಇಡುವಂತಿಲ್ಲ, ದೃಶ್ಯಕ್ಕೆ ಅಡ್ಡವಾಗುತ್ತದೆ. ಅಂಚಿಗೆ ಸರಿಸಿ, ಕನ್ನಡಿಯನ್ನು ಅದರತ್ತ ಓರೆ ಮಾಡಬೇಕು. ಸಾದಾ ಗೋಳೀಯ ನಿಮ್ನ ದರ್ಪಣವನ್ನು ಓರೆ ಮಾಡಿದ ಕೂಡಲೆ ನಡುವಿನಿಂದ ಬಂದ ಕಿರಣಕ್ಕೂ ಅಂಚಿನಿಂದ ಬಂದ ಕಿರಣಕ್ಕೂ ಹೊಂದಾಣಿಕೆ ತಪ್ಪುತ್ತದೆ. ಏಮ್‌ಪಾಯಿಂಟ್‌ನವರು ಎರಡು ಮಸೂರಗಳನ್ನು ಅಂಟಿಸಿ, ಪ್ರತಿಫಲಿಸುವ ಪದರವನ್ನು ಅವುಗಳ ನಡುವೆ ಇಟ್ಟರು. ಎಲ್‌ಇಡಿಯ ಕಿರಣ ಮುಂದಿನ ಗಾಜನ್ನು ಹಾದು, ಕನ್ನಡಿಗೆ ಬಡಿದು, ಮತ್ತೆ ಅದೇ ಗಾಜನ್ನು ಹಾದು ಬರುವಷ್ಟರಲ್ಲಿ ತಪ್ಪು ಬಹುಪಾಲು ತಿದ್ದಿಹೋಗುತ್ತದೆ.

ಇದು ಯಾಕೆ ಮುಖ್ಯ ಎಂಬುದಕ್ಕೆ ‘ಪ್ಯಾರಲಾಕ್ಸ್ ಇಲ್ಲದ ಸೈಟು’ ಎಂಬ ಜಾಹೀರಾತಿನ ಮಾತನ್ನು ಬಿಚ್ಚಿ ನೋಡಬೇಕು. ಕಿರಣಗಳು ನಿಜಕ್ಕೂ ಸಮಾಂತರವಾಗಿದ್ದರೆ, ಕಣ್ಣು ಸೈಟಿನ ಕಿಟಕಿಯ ನಡುವಿನಿಂದ 8 ಮಿಲಿಮೀಟರ್ ಸರಿದಾಗ ಗುರಿಯ ಬಿಂದುವೂ 8 ಮಿಲಿಮೀಟರ್ ಸರಿಯುತ್ತದೆ. 10 ಮೀಟರಿನಲ್ಲೂ ಅಷ್ಟೇ, 100 ಮೀಟರಿನಲ್ಲೂ ಅಷ್ಟೇ. ಈ ದೋಷ ಎಲ್ಲ ಸೈಟಿನಲ್ಲೂ ಇದೆ, ಇದರಿಂದ ಯಾರ ಗಂಟೂ ಹೋಗುವುದಿಲ್ಲ. ಹೋಗುವುದು ಕನ್ನಡಿಯ ಅಂಚಿನಲ್ಲಿ ಕಿರಣವೇ ಬಾಗಿದಾಗ. ಆಗ ತಪ್ಪು ಕೋನದಲ್ಲಿರುತ್ತದೆ, ದೂರದೊಂದಿಗೆ ಬೆಳೆಯುತ್ತದೆ. ಒಂದು ಎಂಒಎ ಎಂದರೆ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗ, 100 ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್, ಅಂಚಿನಲ್ಲಿ ಐದು ಎಂಒಎ ತಪ್ಪಿದರೆ ಗುಂಡು ಸುಮಾರು 14.5 ಸೆಂಟಿಮೀಟರ್ ದೂರ ಬೀಳುತ್ತದೆ. ಜಾಹೀರಾತು ಎರಡನ್ನೂ ಒಂದೇ ಹೆಸರಿನಲ್ಲಿ ಕರೆದು, ಎರಡನ್ನೂ ಇಲ್ಲವೆನ್ನುತ್ತದೆ.

ಕೊಳವೆಯ ಪೀಳಿಗೆಯ ಆ ಸೈಟುಗಳ ಮೇಲೆ ನನಗೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಕನ್ನಡಿಯ ಪದರ ಎಲ್‌ಇಡಿಯ ಕೆಂಪನ್ನು, ಅಂದರೆ 650 ನ್ಯಾನೊಮೀಟರಿನ ಆಸುಪಾಸನ್ನು, ಕಣ್ಣಿಗೆ ಹಿಂತಿರುಗಿಸುತ್ತದೆ; ಹೊರಗಿನ ಕೆಂಪಿಗೂ ಅದೇ ಬಾಗಿಲು ಮುಚ್ಚಿದೆ. ಹಾಗಾಗಿ ಆಚೆಯ ಲೋಕ ತುಸು ನೀಲಿ-ಹಸಿರಾಗಿ ಕಾಣುತ್ತದೆ, ಎದುರುಮನೆಯ ಹೆಂಚು ಕಳೆಗುಂದುತ್ತದೆ. ಛಾಯೆ ಗಾಢವಾದಷ್ಟೂ ಪದರ ಅಗ್ಗದ್ದು ಅಥವಾ ಎಲ್‌ಇಡಿಯ ಕರೆಂಟು ಉಳಿಸಲು ಹೆಚ್ಚು ಬೆಳಕು ಬಾಚಿಕೊಂಡದ್ದು ಎಂದು ಊಹಿಸಬಹುದು. ಕ್ಯಾಟಲಾಗಿನ ‘50,000 ಗಂಟೆ’ಯ ಒಂದು ಪಾಲನ್ನು ಹೀಗೆ ನೋಟದಿಂದಲೇ ಮುರಿದುಕೊಂಡಿರಲೂ ಸಾಧ್ಯ.

ಸ್ವೀಡನ್ನಿನಲ್ಲಿ ಕಡವೆಯಂಥ ಎಲ್ಕ್ ಪ್ರಾಣಿಯ ಬೇಟೆಗಾರರು ಎರಡೂ ಕಣ್ಣು ತೆರೆದು ಹೊಡೆಯುವ ಈ ಸೈಟನ್ನು ಒಪ್ಪಿಕೊಂಡು ಎಷ್ಟೋ ವರ್ಷಗಳ ಮೇಲೆ ಶೂಟಿಂಗ್ ಕ್ರೀಡೆ ಎಚ್ಚರಗೊಂಡಿತು. 1990ರಲ್ಲಿ ಡಗ್ ಕೋನಿಗ್ ಐಪಿಎಸ್‌ಸಿ ವಿಶ್ವಪಟ್ಟವನ್ನು ರೆಡ್ ಡಾಟ್ ಕಟ್ಟಿದ ಪಿಸ್ತೂಲಿನಿಂದ ಗೆದ್ದ ಮೇಲೆ ಓಪನ್ ವಿಭಾಗದಲ್ಲಿ ಸಾದಾ ಸೈಟಿಗೆ ಜಾಗ ಉಳಿಯಲಿಲ್ಲ. 1997ರಲ್ಲಿ ಅಮೆರಿಕದ ಸೇನೆ ಏಮ್‌ಪಾಯಿಂಟ್‌ನ ಕಾಂಪ್ ಸರಣಿಯನ್ನು ಎಂ68 ಎಂಬ ಹೆಸರಿನಲ್ಲಿ ಆರಿಸಿಕೊಂಡಿತು. ಇದೇ ಹೊತ್ತಿಗೆ ಬಂದ ಹೊಲೊಗ್ರಾಫಿಕ್ ಪಂಥದ ಬಗ್ಗೆ, ಅಂದರೆ 1996ರ ಬುಶ್ನೆಲ್ ಹೊಲೊಸೈಟ್ ಮತ್ತು ಅದರಿಂದ ಬೆಳೆದ ಇಒಟೆಕ್ ಬಗ್ಗೆ, ಮೆಚ್ಚುಗೆ ಇದ್ದರೂ ಹೆಚ್ಚು ಹೇಳುವುದಿಲ್ಲ. ಲೇಸರಿನಿಂದ ಬರೆದ ಉಂಗುರ ಸುಂದರ. ಆದರೆ ಉಷ್ಣಾಂಶ ಬದಲಾದಾಗ ಗುರಿ ಜರುಗುವುದನ್ನು ಮುಚ್ಚಿಟ್ಟ ಆರೋಪದ ಮೇಲೆ 2015ರಲ್ಲಿ ಇಒಟೆಕ್‌ನ ಒಡೆಯ ಕಂಪನಿ ಅಮೆರಿಕ ಸರ್ಕಾರಕ್ಕೆ 2.56 ಕೋಟಿ ಡಾಲರ್ ಕಟ್ಟಿ ರಾಜಿಯಾಗಬೇಕಾಯಿತು. ಕ್ಯಾಟಲಾಗನ್ನು ನಂಬುವವರು ಈ ಪ್ರಕರಣವನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು.

ನಮ್ಮ ದೇಶದಲ್ಲಿ ಈ ಚರಿತ್ರೆ ಬಹುತೇಕ ನಾಗರಿಕರನ್ನು ಮುಟ್ಟದೆಯೇ ಹೋಯಿತು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮಗಳು ಪಿಸ್ತೂಲ್ ಸ್ಪರ್ಧೆಯಲ್ಲಿ ಆಪ್ಟಿಕಲ್ ಸೈಟನ್ನು ಒಪ್ಪುವುದಿಲ್ಲ, ಆದ್ದರಿಂದ ನಮ್ಮ ಶೂಟರ್‌ಗಳಿಗೆ ಇದರ ಹಂಗಿಲ್ಲ. ಸೇನೆಯ ವಿಶೇಷ ಪಡೆಗಳಿಗೆ ಇಸ್ರೇಲಿನ ಟಾವೊರ್ ರೈಫಲಿನ ಜೊತೆ ಇದೇ ತತ್ವದ ರಿಫ್ಲೆಕ್ಸ್ ಸೈಟು ಬಂತು. ಕೊಡಗಿನ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಸಾದಾ ಸೈಟಿನಲ್ಲೇ ಚೆಂದ. ಅಲ್ಲಿಗೆ ಚುಕ್ಕೆ ಬರದಿರಲಿ ಎಂಬುದು ನನ್ನ ಸ್ವಂತ ಆಸೆ. ಆದರೆ ಅದೇ ಗ್ರಬ್ ತತ್ವ ಹವ್ಯಾಸಿ ಖಗೋಳವೀಕ್ಷಕರ ದೂರದರ್ಶಕದ ಮೇಲೆ ಟೆಲ್‌ರಾಡ್ ಆಗಿ, ಹಾರುವ ಹಕ್ಕಿಯನ್ನು ಹಿಡಿಯುವ ಛಾಯಾಗ್ರಾಹಕರ ಕ್ಯಾಮೆರಾದ ಮೇಲೆ ಒಲಿಂಪಸ್ ಡಾಟ್ ಸೈಟ್ ಆಗಿ ಕೂತಿದೆ. ಸೈಟನ್ನು ನೋಡಿಯೇ ಇಲ್ಲ ಎನ್ನುವ ಎಷ್ಟೋ ಕನ್ನಡಿಗರು ಅದರೊಳಗೆ ಕಣ್ಣಿಟ್ಟಿದ್ದಾರೆ.

ಇನ್ನು ಸಣ್ಣವುಗಳ ಕಾಲ. 2007ರ ಏಮ್‌ಪಾಯಿಂಟ್ ಮೈಕ್ರೊ ಟಿ-1 ಕೊಳವೆಯನ್ನು ಕುಗ್ಗಿಸಿತು. 2009ರ ಟ್ರಿಜಿಕಾನ್ ಆರ್‌ಎಂಆರ್ ಕೊಳವೆಯನ್ನೇ ಕಿತ್ತು ಹಾಕಿ, ತೆರೆದ ಕನ್ನಡಿಯನ್ನು ಪಿಸ್ತೂಲಿನ ಸ್ಲೈಡಿನ ಮೇಲೆ ಏರಿಸಿತು. ಪ್ರತಿ ಗುಂಡಿಗೂ ಸ್ಲೈಡ್ ಹಿಂದೆ ಚಿಮ್ಮಿ ಮುಂದೆ ಬಡಿಯುತ್ತದೆ, ಸೈಟೂ ಅದರೊಟ್ಟಿಗೆ. ನಂತರ ಶೀಲ್ಡ್ ಕಂಪನಿಯ ಆರ್‌ಎಂಎಸ್‌ಸಿ, ಹೊಲೊಸನ್ನಿನ ಕೆ ಮಾದರಿಗಳು ಸಣ್ಣ ಪಿಸ್ತೂಲಿನ ಕಿರಿದಾದ ಸ್ಲೈಡಿಗೆಂದೇ ಬಂದವು.

ಇಲ್ಲಿ ಒಂದು ಲೆಕ್ಕ ಮಾಡೋಣ. ಪುಟ್ಟ ಸೈಟಿನಲ್ಲಿ ಕನ್ನಡಿಗೂ ಎಲ್‌ಇಡಿಗೂ ನಡುವಿನ ಸಂಗಮದೂರ 25 ಮಿಲಿಮೀಟರ್ ಎಂದುಕೊಳ್ಳಿ. ಎಲ್‌ಇಡಿ ಅಡ್ಡಕ್ಕೆ 7 ಮೈಕ್ರಾನ್ ಸರಿದರೆ, ಅಂದರೆ ತಲೆಕೂದಲಿನ ದಪ್ಪದ ಹತ್ತನೇ ಒಂದರಷ್ಟು, ಚುಕ್ಕೆ ಸುಮಾರು ಒಂದು ಎಂಒಎ ಜರುಗುತ್ತದೆ. ಸಂಗಮದೂರ ದುಪ್ಪಟ್ಟಾದರೆ ಅಷ್ಟೇ ಸರಿದರೂ ತಪ್ಪು ಅರ್ಧ. ಚುಕ್ಕೆಯ ಗಾತ್ರಕ್ಕೂ ಇದೇ ಲೆಕ್ಕ: ಹೊಳೆಯುವ ಚುಕ್ಕೆ 44 ಮೈಕ್ರಾನ್ ಅಗಲವಿದ್ದರೆ ಕಣ್ಣಿಗೆ 6 ಎಂಒಎ. ಕನ್ನಡಿ ಹತ್ತಿರ ಬಂದಷ್ಟೂ ಸಣ್ಣ ಚುಕ್ಕೆ ಮಾಡುವುದು ಕಷ್ಟ. ಆದ್ದರಿಂದ ಪುಟ್ಟ ಸೈಟಿನ ದೊಡ್ಡ ಚುಕ್ಕೆಯನ್ನು ‘ಬೇಗ ಕಣ್ಣಿಗೆ ಬೀಳಲೆಂದು’ ಎಂದು ಮಾರುವುದು ಅರ್ಧ ನಿಜ. ಹಾಗೆಂದು ಅದು ಉಪಯೋಗಕ್ಕೆ ಬಾರದ್ದಲ್ಲ. 6 ಎಂಒಎ ಚುಕ್ಕೆ 10 ಮೀಟರಿನಲ್ಲಿ ಮುಚ್ಚುವುದು ಎರಡು ಸೆಂಟಿಮೀಟರಿಗಿಂತ ಕಡಿಮೆ, ಪಿಸ್ತೂಲಿಗೆ ಧಾರಾಳ ಸಾಕು. ರೈಫಲಿಗೆ ಅದನ್ನೇ ಹಾಕಿಕೊಂಡು ನೂರು ಮೀಟರಿನಲ್ಲಿ ಗುಂಪು ಕೂಡುತ್ತಿಲ್ಲ ಎಂದು ಗೊಣಗುವವರಿಗೆ ಹೇಳುವುದೇನೂ ಇಲ್ಲ.

ಗಾಜಿನಷ್ಟೇ ನಿರ್ಲಕ್ಷ್ಯಕ್ಕೆ ಗುರಿಯಾದದ್ದು ಸೈಟನ್ನು ಪಿಸ್ತೂಲಿಗೆ ಕೂರಿಸುವ ತಳ. ಆರ್‌ಎಂಆರ್‌ಗೆ ಒಂದು ಸ್ಕ್ರೂ ವಿನ್ಯಾಸ, ಆರ್‌ಎಂಎಸ್‌ಸಿಗೆ ಇನ್ನೊಂದು, ಏಮ್‌ಪಾಯಿಂಟ್‌ನ ಆಕ್ರೊಗೆ ಮತ್ತೊಂದು. ಒಪ್ಪಿತ ಮಾನದಂಡ ಇಲ್ಲದ್ದರಿಂದ ನಡುವೆ ಅಡಾಪ್ಟರ್ ಪ್ಲೇಟ್ ಬರುತ್ತದೆ, ಪ್ಲೇಟಿಗೆ ಬೇರೆ ಸ್ಕ್ರೂ, ಸ್ಕ್ರೂಗೆ ಅಂಟು. ಸೈಟು ಕೆಟ್ಟಿತು ಎಂದು ತಂದುಕೊಡುವವರಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಆರ್‌ಎಂಆರ್‌ನಲ್ಲಿ ಬ್ಯಾಟರಿ ತಳದಲ್ಲಿದೆ, ಬದಲಿಸಲು ಸೈಟನ್ನೇ ಬಿಚ್ಚಬೇಕು. ಬಿಚ್ಚಿ ಕಟ್ಟಿದ ಮೇಲೆ ಗುರಿ ಸರಿಯಿದೆಯೇ ಎಂದು ಮತ್ತೆ ಗುಂಡು ಹೊಡೆದು ನೋಡಬೇಕು. ತೆರೆದ ಕನ್ನಡಿಯಲ್ಲಿ ಎಲ್‌ಇಡಿಯ ಮೇಲೆ ಒಂದು ಹನಿ ನೀರು ನಿಂತರೂ ಚುಕ್ಕೆ ಒಡೆದು ಚೂರಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಯಾವ ಉಪಕರಣ ಬಳಸಿದವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ಏಮ್‌ಪಾಯಿಂಟ್ ಆಕ್ರೊ ಮೂಲಕ ಎರಡೂ ಕಡೆ ಗಾಜು ಮುಚ್ಚಿದ ಪೆಟ್ಟಿಗೆ ಪಿಸ್ತೂಲಿಗೆ ಬಂತು. ಹಳೆಯ ಕೊಳವೆಯೇ ಚೌಕವಾಗಿ ವಾಪಸಾಯಿತು ಎನ್ನಬಹುದು, ಆದರೆ ಅದನ್ನು ಹೊಸ ಫ್ಯಾಷನ್ ಎಂದೇ ಬರೆದರು.

ಇಷ್ಟೆಲ್ಲದರ ನಡುವೆ ಕಣ್ಣಿನ ಬಗ್ಗೆ ಬರೆದವರು ಕಡಿಮೆ. ಚಾಳೀಸು ಬಂದವರಿಗೆ ಈ ಸೈಟು ವರದಾನ, ದೂರಕ್ಕೆ ನೋಡಿದರೆ ಸಾಕು. ಅಸ್ಟಿಗ್ಮ್ಯಾಟಿಸಂ ಇದ್ದವರಿಗೆ ಮಾತ್ರ ಚುಕ್ಕೆ ಅಲ್ಪವಿರಾಮದ ಹಾಗೆ ಬಾಲ ಬಿಡುತ್ತದೆ, ಅಥವಾ ನಕ್ಷತ್ರವಾಗಿ ಒಡೆಯುತ್ತದೆ. ಸೈಟನ್ನು ಕೈಯಲ್ಲಿ ತಿರುಗಿಸಿ ನೋಡಿ. ಬಾಲ ಜೊತೆಗೆ ತಿರುಗದಿದ್ದರೆ ದೋಷ ಕಣ್ಣಿನದು, ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ಬೇರೆ ಸೈಟು ತಂದರೂ ಹೋಗುವುದಿಲ್ಲ. ಕನ್ನಡಕದಲ್ಲಿ ಸಿಲಿಂಡರ್ ನಂಬರ್ ಸರಿಪಡಿಸಿಕೊಳ್ಳುವುದು ಅಗ್ಗ.

ಕೊಳ್ಳುವ ಮುನ್ನ ಮಾಡಬಹುದಾದ ಪರೀಕ್ಷೆಯೂ ಖರ್ಚಿಲ್ಲದ್ದೇ. ಸೈಟನ್ನು ಯಾವುದಾದರೂ ಹಿಡಿಕೆಯಲ್ಲಿ ಅಲ್ಲಾಡದಂತೆ ಬಿಗಿದು, ದೂರದ ಕಟ್ಟಡದ ಮೂಲೆಯ ಮೇಲೆ ಚುಕ್ಕೆ ಇಟ್ಟು, ತಲೆಯನ್ನು ಮಾತ್ರ ಕಿಟಕಿಯ ನಾಲ್ಕೂ ಅಂಚಿಗೆ ಸರಿಸಬೇಕು. ಒಳ್ಳೆಯದರಲ್ಲಿ ಚುಕ್ಕೆ ಮೂಲೆಗೆ ಅಂಟಿಕೊಂಡಿರುತ್ತದೆ, ಕೆಟ್ಟದರಲ್ಲಿ ತಾನಾಗಿ ಅಲೆಯುತ್ತದೆ. 2017ರಲ್ಲಿ ಅಮೆರಿಕದ ಗ್ರೀನ್ ಐ ಟ್ಯಾಕ್ಟಿಕಲ್ ಎಂಬ ತರಬೇತಿ ಸಂಸ್ಥೆ ಹಲವು ಕಂಪನಿಗಳ ಸೈಟುಗಳನ್ನು ಹೆಚ್ಚುಕಡಿಮೆ ಇದೇ ಬಗೆಯಲ್ಲಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿತು. ಒಂದು ತರಬೇತಿ ಸಂಸ್ಥೆ ಈ ಕೆಲಸಕ್ಕೆ ಇಳಿಯಬೇಕಾಗಿ ಬಂದದ್ದೇ ಆಶ್ಚರ್ಯ. ಕಿರಣಗಳನ್ನು ಸಮಾಂತರಗೊಳಿಸುವ ಕಾಲಿಮೇಟರ್ ಇಲ್ಲದೆ ಯಾವ ಕಾರ್ಖಾನೆಯೂ ಸೈಟು ಜೋಡಿಸಲಾರದು. ಅಂಚಿನಲ್ಲಿ ಎಷ್ಟು ಎಂಒಎ ತಪ್ಪುತ್ತದೆ, ಬಿಸಿಲಲ್ಲಿಟ್ಟರೆ ಎಷ್ಟು ಜರುಗುತ್ತದೆ ಎಂಬುದನ್ನು ಅದೇ ಬೆಂಚಿನ ಮೇಲೆ ಅಳೆದು, ಬ್ಯಾಟರಿಯ ಗಂಟೆಗಳನ್ನು ಅಚ್ಚುಹಾಕುವ ಅದೇ ಹಾಳೆಯ ಮೇಲೆ ಎರಡು ಸಾಲಿನಲ್ಲಿ ಹಾಕಬಹುದು.