ಗಡಿ ದಾಟಿದರೂ ಮರೆಯದ ಹೆಜ್ಜೆಗಳು

ಅಮೆರಿಕದ ಲ್ಯಾಟಿನೊ ಸಮುದಾಯ ಎಂದೊಡನೆ ಗಡಿಯ ಬೇಲಿ ಹಾರಿ ಬರುವ ವಲಸಿಗರ ಚಿತ್ರವೇ ನಮ್ಮ ಕಣ್ಣ ಮುಂದೆ ಬರುತ್ತದೆ. ಇತಿಹಾಸ ಹೇಳುವುದು ಬೇರೆಯೇ. 1848ರಲ್ಲಿ ಯುದ್ಧದಲ್ಲಿ ಸೋತ ಮೆಕ್ಸಿಕೊ, ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದ ಮೂಲಕ ಕ್ಯಾಲಿಫೋರ್ನಿಯಾ ಸಹಿತ ವಿಶಾಲ ಭೂಪ್ರದೇಶವನ್ನು ಅಮೆರಿಕಕ್ಕೆ ಬಿಟ್ಟುಕೊಡಬೇಕಾಯಿತು. ಅಲ್ಲಿ ನೆಲೆಸಿದ್ದ ಸಾವಿರಾರು ಕುಟುಂಬಗಳು ತಮ್ಮ ಮನೆಯಂಗಳ ಬಿಟ್ಟು ಕದಲಿರಲಿಲ್ಲ. ಗಡಿಯೇ ಅವರನ್ನು ದಾಟಿ ಹೋಗಿತ್ತು.

ಮುಂದೆ ಹೊಲ, ರೈಲು ಹಳಿ, ಕಾರ್ಖಾನೆಗಳ ದುಡಿಮೆಗಾಗಿ ಇನ್ನಷ್ಟು ಮೆಕ್ಸಿಕನ್ನರು ಬಂದರು. 1930ರ ದಶಕದಲ್ಲಿ ಆರ್ಥಿಕ ಕುಸಿತ ಉಂಟಾದಾಗ ಲಕ್ಷಾಂತರ ಮಂದಿಯನ್ನು ಗಡಿಯಾಚೆ ಅಟ್ಟಲಾಯಿತು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳೂ ಇದ್ದರು. ಈ ಅನ್ಯಾಯಕ್ಕೆ ಕ್ಯಾಲಿಫೋರ್ನಿಯಾ ರಾಜ್ಯ ಕ್ಷಮೆ ಕೋರುವ ಕಾನೂನು ಮಾಡಿದ್ದು 2005ರಲ್ಲಿ. ಉಳಿದವರ ಮಕ್ಕಳು ಶಾಲೆಯಲ್ಲಿ ಸ್ಪ್ಯಾನಿಷ್ ಮಾತನಾಡಿದರೆ ಪೆಟ್ಟು ತಿನ್ನಬೇಕಿತ್ತು. ತಾಯಿಯ ಮಾತೇ ಅಪರಾಧವಾದಲ್ಲಿ ತಾಯಿಯ ಹಾಡು ಉಳಿಯುವುದು ಹೇಗೆ?

1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಸಾವಿರಾರು ವಿದ್ಯಾರ್ಥಿಗಳು ತರಗತಿಗಳಿಂದ ಹೊರನಡೆದರು. ತಮ್ಮ ಭಾಷೆಗೆ, ತಮ್ಮ ಇತಿಹಾಸಕ್ಕೆ ಪಾಠದಲ್ಲಿ ಸ್ಥಾನ ಬೇಕೆಂಬುದು ಅವರ ಬೇಡಿಕೆಗಳಲ್ಲೊಂದು. ಆ ಚಿಕಾನೊ ಚಳವಳಿಯ ಕಾವಿನಲ್ಲೇ ಊರೂರುಗಳಲ್ಲಿ ಜಾನಪದ ನೃತ್ಯ ತಂಡಗಳು ಹುಟ್ಟಿಕೊಂಡವು. 1969ರಲ್ಲಿ ಸುಸಾನ್ ಕ್ಯಾಶನ್ ಮತ್ತು ರಮೋನ್ ಮೊರೋನೆಸ್ ಸ್ಯಾನ್ ಹೊಸೆಯಲ್ಲಿ ಕಟ್ಟಿದ 'ಲೋಸ್ ಲುಪೆನ್ಯೋಸ್' ಅವುಗಳಲ್ಲೊಂದು. ಭಾಷೆ ಕಳೆದುಕೊಂಡಿದ್ದ ಪೀಳಿಗೆಗೆ ನೃತ್ಯವೇ ಮೊದಲ ಪಾಠವಾಯಿತು. ನಾಲಿಗೆ ಮರೆತದ್ದನ್ನು ಹಿಮ್ಮಡಿ ನೆನಪಿಸಿಕೊಂಡಿತು ಎನ್ನಬಹುದು.

ಆದರೆ ಯಾವ ನೃತ್ಯ? ಈ ಪ್ರಶ್ನೆಗೂ ಒಂದು ಇತಿಹಾಸವಿದೆ. ಕ್ರಾಂತಿಯ ನಂತರದ ಮೆಕ್ಸಿಕೊದಲ್ಲಿ 1921ರಲ್ಲಿ ಶಿಕ್ಷಣ ಸಚಿವರಾದ ಹೊಸೆ ವಾಸ್ಕೊನ್ಸೆಲೊಸ್, ಹರಿದು ಹಂಚಿಹೋಗಿದ್ದ ದೇಶವನ್ನು ಕಲೆ ಮತ್ತು ಅಕ್ಷರದಿಂದ ಒಂದುಗೂಡಿಸಲು ಹೊರಟರು. ಹಳ್ಳಿಗಳಿಗೆ ಹೋದ ಶಿಕ್ಷಕರು ಅಲ್ಲಿನ ಕುಣಿತಗಳನ್ನು ಬರೆದುಕೊಂಡರು. ಹಾಲಿಸ್ಕೊ ಪ್ರಾಂತ್ಯದ 'ಹರಾಬೆ ತಪಾತಿಯೊ' ಶಾಲೆ ಶಾಲೆಗಳಲ್ಲಿ ರಾಷ್ಟ್ರೀಯ ನೃತ್ಯವಾಗಿ ಹರಡಿತು. 1952ರಲ್ಲಿ ಅಮಾಲಿಯಾ ಎರ್ನಾಂದೆಸ್ ತಮ್ಮ ಪ್ರಸಿದ್ಧ ತಂಡವನ್ನು ಆರಂಭಿಸಿ, ಹಳ್ಳಿಯ ಕುಣಿತವನ್ನು ಭವ್ಯ ರಂಗಪ್ರದರ್ಶನವಾಗಿ ಜಗತ್ತಿಗೆ ತೋರಿಸಿದರು. ಅಮೆರಿಕದ ತಂಡಗಳು ಅನುಸರಿಸಿದ್ದು ಬಹುಮಟ್ಟಿಗೆ ಇದೇ ಮಾದರಿಯನ್ನು.

ಇದರಿಂದ ಲಾಭವಾಯಿತು, ನಷ್ಟವೂ ಆಯಿತು. ಬಣ್ಣದ ಲಂಗ, ಅಗಲ ಅಂಚಿನ ಟೋಪಿ, ಅಚ್ಚುಕಟ್ಟಾದ ಸಾಲು ಕಂಡು ಜನ ಹೆಮ್ಮೆಪಟ್ಟರು. ಆದರೆ ಹಬ್ಬದ ರಾತ್ರಿಯಲ್ಲಿ ಎಲ್ಲರೂ ಸೇರಿ ಕುಣಿಯುತ್ತಿದ್ದದ್ದು ಕೆಲವರು ಕುಣಿದು ಉಳಿದವರು ಚಪ್ಪಾಳೆ ತಟ್ಟುವ ಕಾರ್ಯಕ್ರಮವಾಯಿತು. ಸಂಸ್ಕೃತಿಯ ವಾರಸುದಾರರೇ ಪ್ರೇಕ್ಷಕರಾಗಿಬಿಡುವ ಅಪಾಯ ಇಲ್ಲಿದೆ.

ಈ ಹಿನ್ನೆಲೆಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಪಾಬ್ಲೊದ 'ಲೋಸ್ ಸೆನ್ಸೋಂತ್ಲೆಸ್' ಎಂಬ ಕಲಾಕೇಂದ್ರ ನಮ್ಮ ಗಮನ ಸೆಳೆಯುತ್ತದೆ. ಯೂಜಿನ್ ರೊಡ್ರಿಗೆಸ್ ಅದರ ಸ್ಥಾಪಕರು. ಹೆಸರು ನಾವಾತಲ್ ಭಾಷೆಯಿಂದ ಬಂದ ಒಂದು ಹಕ್ಕಿಯದು. ನಾನೂರು ದನಿಗಳ ಹಕ್ಕಿ ಎಂದರ್ಥ. ಇವರು ಮಕ್ಕಳಿಗೆ ಕಲಿಸಲು ಮೆಕ್ಸಿಕೊದಿಂದ ಹಿರಿಯ ಕಲಾವಿದರನ್ನೇ ಕರೆಸಿದರು. 1977ರಲ್ಲಿ ಆರಂಭವಾದ 'ಮೋನೊ ಬ್ಲಾಂಕೊ' ತಂಡದ ಹಿಲ್ಬೆರ್ತೊ ಗುತಿಯೆರೆಸ್ ಅವರಿಂದ ವೆರಾಕ್ರೂಸ್ ಕರಾವಳಿಯ 'ಸೋನ್ ಹರೋಚೊ' ಇಲ್ಲಿಗೆ ಬಂತು. ಇದು ಸ್ಪ್ಯಾನಿಷ್, ಮೂಲನಿವಾಸಿ ಮತ್ತು ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಸಂಗೀತಗಳು ಬೆರೆತು ಹುಟ್ಟಿದ ಪರಂಪರೆ. ನಡುವೆ 'ತರೀಮಾ' ಎಂಬ ಮರದ ಹಲಗೆ, ಸುತ್ತಲೂ 'ಹರಾನಾ' ಎಂಬ ಪುಟ್ಟ ಗಿಟಾರ್ ಹಿಡಿದ ಜನ. ಹಲಗೆಯ ಮೇಲೆ ಬಡಿಯುವ ಪಾದಗಳೇ ತಾಳವಾದ್ಯ. ಅಜ್ಜಿ ಇಳಿದರೆ ಮೊಮ್ಮಗಳು ಹತ್ತುತ್ತಾಳೆ. ಇಲ್ಲಿ ಪ್ರೇಕ್ಷಕರೆಂಬ ಬೇರೆ ವರ್ಗವಿಲ್ಲ.

ಹೀಗೆ ಮೂಲಕ್ಕೆ ಮರಳಿದಾಗ, ರಾಷ್ಟ್ರೀಯ ಚಿತ್ರದಲ್ಲಿ ಮಸುಕಾಗಿದ್ದ ಮುಖಗಳೂ ಕಾಣಿಸಿಕೊಂಡವು. ಮೆಕ್ಸಿಕೊದ ಸಂವಿಧಾನ ಆಫ್ರಿಕನ್ ಮೂಲದ ಪ್ರಜೆಗಳನ್ನು ಗುರುತಿಸಿದ್ದು 2019ರಲ್ಲಿ. ಮರುವರ್ಷದ ಜನಗಣತಿಯಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ತಾವು ಆ ಮೂಲದವರೆಂದು ಹೇಳಿಕೊಂಡರು. ಸರಕಾರದ ದಾಖಲೆ ಇಷ್ಟು ತಡವಾಗಿ ಒಪ್ಪಿಕೊಂಡದ್ದನ್ನು ಸೋನ್ ಹರೋಚೊದ ತಾಳ ಶತಮಾನಗಳಿಂದಲೂ ಸಾರುತ್ತಲೇ ಇತ್ತು.

ಪರಂಪರೆಯ ರಕ್ಷಣೆ ಎಂದಾಗ ನಾವು ಸಾಮಾನ್ಯವಾಗಿ ವಸ್ತುಸಂಗ್ರಹಾಲಯ, ಉತ್ಸವ, ಪ್ರಶಸ್ತಿಗಳ ಕುರಿತು ಯೋಚಿಸುತ್ತೇವೆ. ಅವು ಬೇಡವೆಂದಲ್ಲ. ಆದರೆ ಒಂದು ಸಮುದಾಯದ ಕಲೆ ಬದುಕಿದೆಯೇ ಎಂದು ತಿಳಿಯಲು ವೇದಿಕೆಯ ದೀಪಗಳನ್ನು ನೋಡಿದರೆ ಸಾಲದು. ಮೂಲೆಯಲ್ಲಿ ಸಂಕೋಚದಿಂದ ನಿಂತ ಮಗುವನ್ನು ಯಾರಾದರೂ ಕೈಹಿಡಿದು ಹಲಗೆಯ ಮೇಲೆ ಹತ್ತಿಸುತ್ತಾರೆಯೇ ಎಂಬುದನ್ನು ನೋಡಬೇಕು. ಹಾಗೆ ಹತ್ತಿಸುವವರು ಇರುವ ತನಕ ಯಾವ ಗಡಿಯೂ ಆ ಹೆಜ್ಜೆಗಳನ್ನು ತಡೆಯಲಾರದು.