ಓಲ್ಡ್ ಟೌನ್ ಅಂಗಡಿ ವೈರಿಂಗ್: ಪೈಪ್ ಬಗ್ಗಿಸೋ ಮೊದಲು ಈ ಲೆಕ್ಕ ಗೊತ್ತಿರಲಿ

ಭದ್ರಾವತಿ: ಓಲ್ಡ್ ಟೌನ್ ಕಡೆಯ ಹಳೇ ಕಟ್ಟಡಗಳಲ್ಲಿ ಗೋಡೆ ಕೊರೆದು ವೈರಿಂಗ್ ಮಾಡಿಸೋದು ತಲೆನೋವಿನ ಕೆಲಸ. ಮಣ್ಣಿನ ಗೋಡೆಗೆ ಉಳಿ ಇಟ್ಟರೆ ಗಾರೆ ಸಮೇತ ಕೆಳಗೆ ಬರುತ್ತೆ. ಇಂಥ ಕಡೆ ಗೋಡೆ ಮೇಲೇ ಪೈಪ್ ಹೊಡೆಸೋದು ಸುಲಭ. ಆದರೆ ತೊಲೆ, ಕಂಬ, ನೀರಿನ ಪೈಪ್ ಅಡ್ಡ ಬಂದಾಗ ಕಾಂಡ್ಯೂಟ್ ಬಗ್ಗಿಸಲೇಬೇಕು. ಅಲ್ಲಿ ಅಂದಾಜಿನ ಕೆಲಸ ನಡೆದರೆ 3 ಮೀಟರ್ ಪೈಪ್ ಗುಜರಿಗೆ ಹೋಗುತ್ತೆ. ಅದಕ್ಕಿಂತ ದೊಡ್ಡ ಅಪಾಯ, ಮಡಚಿಕೊಂಡ ಜಾಗದಲ್ಲಿ ವೈರ್ ಎಳೆಯುವಾಗ ಸಿಪ್ಪೆ ಸುಲಿದು ಕಬ್ಬಿಣದ ಪೈಪಿಗೇ ಕರೆಂಟ್ ಬರೋದು. ಮಳೆಗಾಲದಲ್ಲಿ ಒದ್ದೆ ಗೋಡೆ ಮುಟ್ಟಿದವರಿಗೂ ಶಾಕ್ ಹೊಡೆಯಬಹುದು.

1923ರಿಂದ ಕಬ್ಬಿಣದ ಕಾರ್ಖಾನೆ ಕಂಡ ಊರಿದು, ಪೈಪ್ ಬಗ್ಗಿಸೋದು ಇಲ್ಲಿಗೆ ಹೊಸದಲ್ಲ. ಅಂಗಡಿಯಲ್ಲಿ ಈಗಲೂ 'ಮುಕ್ಕಾಲು ಇಂಚು' ಅಂತ ಕೇಳಿದರೆ 20 ಎಂಎಂ, 'ಒಂದಿಂಚು' ಅಂದರೆ 25 ಎಂಎಂ ಪೈಪ್ ಕೊಡುತ್ತಾರೆ. ಬೆಂಡರ್ ಅದೇ ಅಳತೆಯದ್ದಾಗಿರಬೇಕು. 25ರ ಬೆಂಡರ್‌ನಲ್ಲಿ 20ರ ಪೈಪ್ ಬಗ್ಗಿಸಿದರೆ ಪೈಪ್ ಚಪ್ಪಟೆಯಾಗೋದು ಖಂಡಿತ.

90 ಡಿಗ್ರಿ ಬೆಂಡ್

ಮೊದಲು ಆ ಬೆಂಡರ್ ಎಷ್ಟು 'ತಿನ್ನುತ್ತೆ' ಅಂತ ತಿಳಿಯಬೇಕು. ಒಂದು ತುಂಡು ಪೈಪಿನ ತುದಿಯಿಂದ 20 ಸೆಂ.ಮೀ.ಗೆ ಗೆರೆ ಹಾಕಿ, ಬೆಂಡರ್ ಮೇಲಿನ ಬಾಣದ ಗುರುತಿಗೆ ಕೂರಿಸಿ. ಕೊಕ್ಕೆ ಆ ತುದಿಯ ಕಡೆಗೇ ಇರಲಿ. ನೇರ 90ಕ್ಕೆ ಬಗ್ಗಿಸಿ ನೆಲದಿಂದ ತುದಿಯವರೆಗೆ ಅಳೆಯಿರಿ. 32.5 ಸೆಂ.ಮೀ. ಬಂತು ಅನ್ನಿ, ಆಗ ಆ ಬೆಂಡರ್‌ನ ಕಳೆಯುವ ಲೆಕ್ಕ 12.5. ಮುಂದೆ ಸ್ವಿಚ್ ಬಾಕ್ಸಿಗೆ 30 ಸೆಂ.ಮೀ. ಎತ್ತರ ಬೇಕಾದರೆ 17.5ಕ್ಕೆ ಗುರುತು ಹಾಕಿದರಾಯ್ತು. ಒಂದೊಂದು ಕಂಪನಿಯ ಬೆಂಡರ್‌ಗೆ ಒಂದೊಂದು ಸಂಖ್ಯೆ, ಹಾಗಾಗಿ ಪಕ್ಕದವರದ್ದು ಕೇಳಿ ಪ್ರಯೋಜನ ಇಲ್ಲ. ನಿಮ್ಮ ಸಂಖ್ಯೆಯನ್ನು ಹಿಡಿಕೆ ಮೇಲೆ ಪೇಂಟಲ್ಲಿ ಬರೆದಿಡಿ.

ತೊಲೆ ದಾಟಿಸೋ ಆಫ್‌ಸೆಟ್

ಹೆಚ್ಚು ಪೈಪ್ ಹಾಳಾಗೋದು ಇಲ್ಲೇ. ತೊಲೆ ಗೋಡೆಯಿಂದ 10 ಸೆಂ.ಮೀ. ಹೊರಗಿದೆ, ಬಾಕ್ಸಿನಿಂದ ತೊಲೆಗೆ 90 ಸೆಂ.ಮೀ. ಇದೆ ಎಂದಿಟ್ಟುಕೊಳ್ಳಿ. 30 ಡಿಗ್ರಿ ಬೆಂಡಿಗೆ ಎತ್ತರವನ್ನು 2ರಿಂದ ಗುಣಿಸಬೇಕು, ಅಂದರೆ ಎರಡು ಗುರುತುಗಳ ನಡುವೆ 20 ಸೆಂ.ಮೀ. 45 ಡಿಗ್ರಿಗೆ 1.4, ಇಪ್ಪತ್ತೆರಡೂವರೆಗೆ 2.6, 60ಕ್ಕೆ 1.15. ಇಂಚಲ್ಲಿ ಅಳೆದರೂ ಲೆಕ್ಕ ಇದೇ, ಇಂಚು–ಸೆಂಟಿಮೀಟರ್ ಬೆರೆಸಬಾರದು ಅಷ್ಟೆ.

ಪೈಪ್ ಓರೆಯಾಗಿ ಹೋಗೋದರಿಂದ ಉದ್ದ ಕಮ್ಮಿಯಾಗುತ್ತೆ. 30 ಡಿಗ್ರಿಯಲ್ಲಿ ಎತ್ತರದ ಪ್ರತಿ ಸೆಂ.ಮೀ.ಗೆ 0.27, ಹಾಗಾಗಿ 10ಕ್ಕೆ 2.7. ಅದನ್ನು 90ಕ್ಕೆ ಕೂಡಿಸಿ 92.7ರಲ್ಲಿ ಒಂದು ಗುರುತು, ಅಲ್ಲಿಂದ 20 ಹಿಂದಕ್ಕೆ 72.7ರಲ್ಲಿ ಇನ್ನೊಂದು. ಬಗ್ಗಿಸಿದ ಮೇಲೆ ಎರಡನೇ ಬೆಂಡ್ ಸರಿಯಾಗಿ 90ಕ್ಕೇ ಬರುತ್ತೆ. 45 ಡಿಗ್ರಿಯಲ್ಲಿ ಈ ಕಡಿತ 0.41. ಜಾಗ ಇದ್ದರೆ 30 ಡಿಗ್ರಿಯೇ ಒಳ್ಳೇದು, ವೈರ್ ಸಲೀಸಾಗಿ ಹೋಗುತ್ತೆ.

ಮೊದಲ ಬೆಂಡ್ ಆದ ಮೇಲೆ ಪೈಪನ್ನು ಸರಿಯಾಗಿ ಅರ್ಧ ಸುತ್ತು ತಿರುಗಿಸಬೇಕು. ಸ್ವಲ್ಪ ತಪ್ಪಿದರೂ ನಾಯಿಕಾಲಿನಂತೆ ಸೊಟ್ಟ ಆಗುತ್ತೆ. ಮೊದಲೇ ಪೈಪಿನ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆದಿಟ್ಟರೆ ಈ ಗೋಳಿಲ್ಲ. ಬಗ್ಗಿಸುವಾಗ ಬಲ ಕಾಲಿನದ್ದು, ಕೈ ದಾರಿ ತೋರಿಸೋಕೆ ಮಾತ್ರ. ಬಿಟ್ಟಾಗ ಪೈಪ್ ಒಂದೆರಡು ಡಿಗ್ರಿ ಹಿಂದೆ ಬರುತ್ತೆ, ಅಷ್ಟು ಹೆಚ್ಚಿಗೆ ಬಗ್ಗಿಸಬೇಕು.

ನೀರಿನ ಪೈಪ್ ದಾಟಿಸೋ ಸ್ಯಾಡಲ್‌ಗೆ ಮಧ್ಯ 45, ಎರಡೂ ಬದಿ ಇಪ್ಪತ್ತೆರಡೂವರೆ ಡಿಗ್ರಿ. ಬದಿಯ ಗುರುತುಗಳು ಮಧ್ಯದಿಂದ ಎತ್ತರದ ಎರಡೂವರೆ ಪಟ್ಟು ದೂರ: 4 ಸೆಂ.ಮೀ. ಎತ್ತರಕ್ಕೆ 10.

ಪಿವಿಸಿ ಪೈಪಿಗೆ ಸ್ಪ್ರಿಂಗ್

ಪಿವಿಸಿಗೆ ಬೆಂಡರ್ ಬೇಡ. ಅದೇ ಅಳತೆಯ ಸ್ಪ್ರಿಂಗ್ ಒಳಗೆ ಬಿಟ್ಟು ಮೊಣಕಾಲಿಗೆ ಒತ್ತಿ ನಿಧಾನ ಬಗ್ಗಿಸಬೇಕು. ಚಳಿಯಲ್ಲಿ ಮೊದಲು ಬಟ್ಟೆಯಿಂದ ಉಜ್ಜಿ ಬಿಸಿ ಮಾಡಿ. ಬೆಂಕಿ ಹಿಡಿದರೆ ಪೈಪ್ ಕುಗ್ಗುತ್ತೆ.

ಮಾಲೀಕರು ನೋಡಬೇಕಾದ್ದು

ಬೆಂಡಿನ ತ್ರಿಜ್ಯ ಏಳೂವರೆ ಸೆಂ.ಮೀ.ಗಿಂತ ಕಮ್ಮಿ ಇರಬಾರದು. ಒಂದು ಬಾಕ್ಸಿನಿಂದ ಇನ್ನೊಂದಕ್ಕೆ ಒಟ್ಟು ನಾಲ್ಕು 90 ಡಿಗ್ರಿಗಿಂತ ಹೆಚ್ಚು ತಿರುವು ಬೇಡ, ಬಂದರೆ ನಡುವೆ ಬಾಕ್ಸ್ ಹಾಕಿಸಿ. ತೊಲೆ ದಾಟಿಸುವ ಎರಡು 30 ಡಿಗ್ರಿ ಬೆಂಡೂ ಈ ಲೆಕ್ಕಕ್ಕೆ ಸೇರುತ್ತೆ. ಕೆಳಕ್ಕೆ 'ಯು' ಆಕಾರದ ತಿರುವು ಇದ್ದರೆ ಅಲ್ಲಿ ನೀರು ನಿಲ್ಲುತ್ತೆ, ಬೇಡ ಅನ್ನಿ. ಕಬ್ಬಿಣದ ಪೈಪಿಗೆ ಅರ್ತಿಂಗ್ ಕೊಟ್ಟಿದ್ದಾರಾ, ತುದಿಯಲ್ಲಿ ಬುಷ್ ಹಾಕಿದ್ದಾರಾ ಕೇಳಿ. ಪೈಪ್ ಪೂರ್ತಿ ಕೂರಿಸಿದ ಮೇಲಷ್ಟೇ ವೈರ್ ಎಳೆಯಬೇಕು. ಸಂಪರ್ಕದ ಕೆಲಸ ಮಾತ್ರ ಲೈಸೆನ್ಸ್ ಇರುವ ಗುತ್ತಿಗೆದಾರರದ್ದೇ, ಮೆಸ್ಕಾಂಗೆ ಕೊಡುವ ಪರೀಕ್ಷಾ ವರದಿಗೂ ಅವರ ಸಹಿ ಬೇಕು.