ಕ್ಯೂ ಜ್ವರ: ಗುರುತು ಹೇಳುವ ಪ್ರೋಟೀನುಗಳ ಹುಡುಕಾಟ

1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಕಸಾಯಿಖಾನೆ ಕೆಲಸಗಾರರು ಒಬ್ಬರ ಹಿಂದೊಬ್ಬರು ಜ್ವರ ಹಿಡಿದು ಮಲಗತೊಡಗಿದರು. ಸಿಡಿಯುವ ತಲೆನೋವು, ಮೈಕೈ ನೋವು. ಗೊತ್ತಿದ್ದ ಯಾವ ಜ್ವರದ ಲೆಕ್ಕಕ್ಕೂ ಅದು ಸಿಗಲಿಲ್ಲ. ತನಿಖೆ ನಡೆಸಿದ ಎಡ್ವರ್ಡ್ ಡೆರಿಕ್ 1937ರಲ್ಲಿ ಅದನ್ನು 'ಕ್ಯೂ ಜ್ವರ' ಎಂದು ವರದಿ ಮಾಡಿದರು. ಮೆಲ್ಬರ್ನ್‌ನಲ್ಲಿ ಬರ್ನೆಟ್, ಅಮೆರಿಕದ ಮೊಂಟಾನಾದಲ್ಲಿ ಉಣುಗುಗಳನ್ನು ಪರೀಕ್ಷಿಸುತ್ತಿದ್ದ ಡೇವಿಸ್ ಮತ್ತು ಕಾಕ್ಸ್ ಬೇರೆಬೇರೆಯಾಗಿ ಒಂದೇ ರೋಗಾಣುವಿನ ಬೆನ್ನು ಹತ್ತಿದ್ದರು. ಅದೇ ಕಾಕ್ಸಿಯೆಲ್ಲಾ ಬರ್ನೆಟಿ.

ಆಡು, ಕುರಿ, ದನಗಳು ಈಯುವಾಗ ಮಾಸಿನೊಂದಿಗೆ ಈ ಬ್ಯಾಕ್ಟೀರಿಯಾ ಹೇರಳವಾಗಿ ಹೊರಬೀಳುತ್ತದೆ. ಸೋಂಕು ತಗುಲಲು, ಒಣಗಿ ದೂಳಿನಲ್ಲಿ ಬೆರೆತು ಉಸಿರಿನೊಂದಿಗೆ ಒಳಹೋದ ಕೆಲವೇ ಕಣಗಳು ಸಾಕು. ಹಾಗಾಗಿ ಇದನ್ನು ಬೆಳೆಸುವುದು ಬಿಗಿ ಭದ್ರತೆಯ ಪ್ರಯೋಗಾಲಯಗಳ ಕೆಲಸ. ರೋಗ ಪತ್ತೆಗೆ ಉಳಿದವರಿಗೆ ರೋಗಿಯ ರಕ್ತದಲ್ಲಿನ ಪ್ರತಿಕಾಯಗಳೇ ಮುಖ್ಯ ಆಸರೆ.

ಕಾಕ್ಸಿಯೆಲ್ಲಾದ ಮೈಮೇಲೆ ಸಕ್ಕರೆ-ಕೊಬ್ಬಿನ ಅಣುಗಳ ದಪ್ಪ ಕಂಬಳಿಯಿದೆ. ಕೋಳಿಮೊಟ್ಟೆಯ ಭ್ರೂಣದಲ್ಲಿ ಮತ್ತೆಮತ್ತೆ ಬೆಳೆಸಿದರೆ ಅದು ಮೊಟಕಾಗುತ್ತದೆ. 1956ರಲ್ಲಿ ಸ್ಟೋಕರ್ ಮತ್ತು ಫಿಸೆಟ್ ಈ ಬದಲಾವಣೆಯನ್ನು ವಿವರಿಸಿದರು. ಕಂಬಳಿ ಪೂರ್ತಿ ಇರುವುದು ಒಂದನೇ ಹಂತ, ಮೊಟಕಾದದ್ದು ಎರಡನೆಯದು. ಹೊಸ ಸೋಂಕಿನಲ್ಲಿ ಎರಡನೇ ಹಂತದ ವಿರುದ್ಧದ ಪ್ರತಿಕಾಯ ಮೊದಲು ಏರುತ್ತದೆ. ಹೃದಯದ ಕವಾಟದಲ್ಲಿ ರೋಗ ಬೇರೂರಿದರೆ ಒಂದನೆಯದರ ವಿರುದ್ಧದ ಪ್ರತಿಕಾಯ ಮೇಲುಗೈ ಪಡೆಯುತ್ತದೆ. ಮೊದಲ ಪ್ರತಿಕಾಯಗಳು ಪ್ರಯೋಗಾಲಯದಲ್ಲಷ್ಟೇ ಸಿಗುವ ರೂಪಕ್ಕೆ ಹೊಂದುವುದು ವಿಚಿತ್ರವೇ. ಕಂಬಳಿ ಸರಿದಾಗ ಕಾಣುವ ಪ್ರೋಟೀನುಗಳೇ ಅದಕ್ಕೆ ಕಾರಣ ಎಂಬುದು ಒಪ್ಪಿತ ವಿವರಣೆ. ಇಡೀ ಬ್ಯಾಕ್ಟೀರಿಯಾದ ಬದಲು ಪ್ರೋಟೀನನ್ನೇ ಬಳಸುವ ಪರೀಕ್ಷೆಯ ಆಸೆಗೂ ಅದೇ ಬುನಾದಿ.

ಇಂದಿಗೂ ಮಾನದಂಡವಾಗಿರುವ ಪರೀಕ್ಷೆಯಲ್ಲಿ ಗಾಜಿನ ಪಟ್ಟಿಯ ಮೇಲೆ ಸತ್ತ ಇಡೀ ಬ್ಯಾಕ್ಟೀರಿಯಾಗಳನ್ನು ಅಂಟಿಸಿರುತ್ತಾರೆ. ರೋಗಿಯ ಸೀರಮ್ಮನ್ನು ಇಮ್ಮಡಿ ಇಮ್ಮಡಿಯಾಗಿ ತೆಳುಮಾಡುತ್ತ ಹಾಕಿ, ಹೊಳೆಯುವ ಬಣ್ಣ ಕೂಡಿಸಿ, ಹಸಿರು ಚುಕ್ಕೆಗಳು ಯಾವ ಹಂತದಲ್ಲಿ ಮಸುಕಾದವೆಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಬ್ಬರಿಗೆ ಹೊಳಪು ಕಂಡದ್ದು ಇನ್ನೊಬ್ಬರಿಗೆ ಮಬ್ಬು. ಹೊಸ ಸೋಂಕನ್ನು ಖಚಿತಪಡಿಸಲು ಕೆಲವು ವಾರಗಳ ಅಂತರದಲ್ಲಿ ಎರಡು ಬಾರಿ ರಕ್ತ ಕೊಡಬೇಕು. ಪ್ರತಿಕಾಯ ನಾಲ್ಕು ಪಟ್ಟು ಏರಿರಬೇಕು. ಅಷ್ಟರಲ್ಲಿ ಎಷ್ಟೋ ಜನರ ಜ್ವರವೇ ಇಳಿದಿರುತ್ತದೆ!

ಒಂದೊಂದೇ ಪ್ರೋಟೀನನ್ನು ಹಿಡಿಯುವ ಯತ್ನ 1980ರ ದಶಕದ ಕೊನೆಗೆ ಚುರುಕಾಯಿತು. ಮೊದಲು ಕಣ್ಣಿಗೆ ಬಿದ್ದವುಗಳಲ್ಲಿ ಒಂದು ಗ್ರೋಇಎಲ್. ರೋಗಿಗಳ ಸೀರಮ್ ಅದಕ್ಕೆ ಚೆನ್ನಾಗಿಯೇ ಅಂಟುತ್ತದೆ, ಆದರೆ ಅದರ ಹೋಲಿಕೆಯವು ಹೆಚ್ಚುಕಡಿಮೆ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇವೆ. 1993ರಲ್ಲಿ ಹೆಂಡ್ರಿಕ್ಸ್ ಮತ್ತು ಸಂಗಡಿಗರು ವಿವರಿಸಿದ ಕಾಮ್1 ಹೆಚ್ಚು ಭರವಸೆ ಹುಟ್ಟಿಸಿತು. 27 ಕಿಲೋಡಾಲ್ಟನ್ ತೂಕದ ಈ ಹೊರಪೊರೆಯ ಪ್ರೋಟೀನ್ ಬೇರೆಬೇರೆ ತಳಿಗಳಲ್ಲಿ ಹೆಚ್ಚು ಬದಲಾಗದೆ ಉಳಿದಿದೆ. ಅದನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಪ್ರತಿಕಾಯ ಪತ್ತೆಹಚ್ಚುವ ಎಲೈಸಾ ಪರೀಕ್ಷೆಯ ತಟ್ಟೆಗೆ ಹಾಕಬಹುದು. ಅಪಾಯಕಾರಿ ರೋಗಾಣುವನ್ನು ಮುಟ್ಟಬೇಕಿಲ್ಲ.

2003ರಲ್ಲಿ ಕಾಕ್ಸಿಯೆಲ್ಲಾದ ನೈನ್ ಮೈಲ್ ತಳಿಯ ಜೀನೋಮ್ ಪ್ರಕಟವಾದ ಮೇಲೆ ಹುಡುಕಾಟದ ರೀತಿಯೇ ಬದಲಾಯಿತು. ಜೀನುಗಳಿಂದ ಪ್ರೋಟೀನುಗಳನ್ನು ಸಾಲುಸಾಲಾಗಿ ತಯಾರಿಸಿ, ಒಂದೇ ಚಿಪ್‌ನ ಮೇಲೆ ಅಚ್ಚೊತ್ತಿ, ರೋಗಿಗಳ ಸೀರಮ್ ಹರಿಸಿ ನೋಡುವುದು ಸಾಧ್ಯವಾಯಿತು. 2008ರಲ್ಲಿ ಪಾಲ್ ಬೇರ್ ಮತ್ತು ಸಂಗಡಿಗರು ಹೀಗೆ ಸಿಕ್ಕ ಪ್ರೋಟೀನುಗಳ ಪಟ್ಟಿಯೊಂದನ್ನು ಹೊರತಂದರು. ಯುರೋಪ್, ಚೀನಾಗಳಿಂದಲೂ ಪಟ್ಟಿಗಳು ಬಂದವು. ಕಾಮ್1, ಓಂಪ್‌ಎಚ್, ವೈಬಿಜಿಎಫ್ ಎಂಬ ಪ್ರೋಟೀನುಗಳು ಮತ್ತೆಮತ್ತೆ ಕಾಣಿಸಿಕೊಂಡವು. ತೀವ್ರ ರೋಗದ ತಳಿಗಳ ಗುರುತು ಎಂದು 2005ರಲ್ಲಿ ಸುದ್ದಿಯಾದ ಅಡಾ-ಎ ಪ್ರೋಟೀನಿನ ವಿಷಯದಲ್ಲಿ ಮಾತ್ರ, ಪರೀಕ್ಷಿಸಿದ ತಳಿಗಳ ಸಂಖ್ಯೆ ಹೆಚ್ಚಿದಂತೆ ಅವುಗಳನ್ನು ಬೇರ್ಪಡಿಸುವ ಗೆರೆ ಮಸುಕಾಯಿತು.

ಹೊಸ ಪರೀಕ್ಷೆಯ ಅಗತ್ಯವನ್ನು ನೆದರ್ಲೆಂಡ್ಸ್ ಎತ್ತಿ ತೋರಿಸಿತು. 2007ರಿಂದ 2010ರ ನಡುವೆ ಅಲ್ಲಿ 4,000ಕ್ಕೂ ಹೆಚ್ಚು ಜನರ ಸೋಂಕು ದಾಖಲಾಯಿತು, 50,000ಕ್ಕೂ ಹೆಚ್ಚು ಆಡುಗಳನ್ನು ಕೊಲ್ಲಲಾಯಿತು. ರೋಗ ಬೇರೂರಿದವರನ್ನು ಪತ್ತೆಹಚ್ಚಲು ವರ್ಷಗಟ್ಟಲೆ ರಕ್ತ ನೋಡುತ್ತಿರಬೇಕಾಯಿತು.

ಆದರೂ ಪ್ರೋಟೀನು ಇಡೀ ಬ್ಯಾಕ್ಟೀರಿಯಾವನ್ನು ಬದಿಗೆ ಸರಿಸಿಲ್ಲ. ಒಬ್ಬ ರೋಗಿಯ ಪ್ರತಿಕಾಯ ಹಿಡಿಯುವ ಪ್ರೋಟೀನನ್ನು ಇನ್ನೊಬ್ಬರದು ಗಮನಿಸುವುದೇ ಇಲ್ಲ. ಬೇರೂರಿದ ರೋಗದ ಪ್ರಬಲ ಸುಳಿವಂತೂ ಆ ಕಂಬಳಿಯಲ್ಲೇ ಇದೆ, ಅದು ಪ್ರೋಟೀನೇ ಅಲ್ಲ. ಒಂದೇ ಪ್ರೋಟೀನಿಗೆ ಜೋತುಬೀಳುವ ಬದಲು ಮೂರು-ನಾಲ್ಕನ್ನು ಕೂಡಿಸುವ ದಾರಿಯೇ ಹೆಚ್ಚು ಆಶಾದಾಯಕ.

ಆಸ್ಟ್ರೇಲಿಯಾದಲ್ಲಿ 1989ರಿಂದ ಕ್ಯೂ-ವ್ಯಾಕ್ಸ್ ಲಸಿಕೆಯಿದೆ. ಅದೂ ಸತ್ತ ಇಡೀ ಬ್ಯಾಕ್ಟೀರಿಯಾವೇ. ಮೊದಲೇ ಸೋಂಕು ತಗುಲಿದ್ದವರಿಗೆ ಕೊಟ್ಟರೆ ಚುಚ್ಚಿದ ಜಾಗ ಕೆಟ್ಟದಾಗಿ ಬಾತುಕೊಳ್ಳಬಹುದು. ಆದ್ದರಿಂದ ಮುಂಚೆ ಚರ್ಮ ಮತ್ತು ರಕ್ತದ ಪರೀಕ್ಷೆ ಕಡ್ಡಾಯ. ಈ ತೊಡಕು ತಪ್ಪಿಸಲು ಪ್ರೋಟೀನ್ ಲಸಿಕೆಗಳ ಪ್ರಯತ್ನ ನಡೆದಿದೆ. ಕಾಮ್1 ಆ ಪಟ್ಟಿಯಲ್ಲೂ ಇದೆ. ಅದು ಲಸಿಕೆಗೆ ಸೇರಿಕೊಂಡರೆ, ಲಸಿಕೆ ಪಡೆದವರನ್ನೂ ಸೋಂಕಿತರನ್ನೂ ಬೇರ್ಪಡಿಸಲು ಪರೀಕ್ಷೆಗೆ ಬೇರೆ ಪ್ರೋಟೀನನ್ನೇ ಹುಡುಕಬೇಕಾಗುತ್ತದೆ.